ಹಿಂದೆ ಅಗಲದ ಟಯರ್ ಹಾಕಿದ ಮೇಲೆ ಕಾರು ತಿರುಗುತ್ತಲೇ ಇಲ್ಲ: ಗೇಮ್‌ನಲ್ಲಿ ಟಯರ್ ಅಗಲ ಎಷ್ಟಿರಬೇಕು?

ಕೊತ್ರೂಡ್_ಕನ್ನಡಿಗ | ಶುಕ್ರವಾರ ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ನನ್ನ ಊರು ಹಾಸನ, ಈಗ ಪುಣೆಯ ಕೊತ್ರೂಡ್‌ನಲ್ಲಿ ಓದುತ್ತಿದ್ದೇನೆ. ರೂಮಿನಲ್ಲಿ ಜಾಗ ಕಡಿಮೆ. ಜಿ29 ಅನ್ನುವ ಗೇಮ್ ಸ್ಟೀರಿಂಗನ್ನು ಓದುವ ಮೇಜಿಗೇ ಬಿಗಿದು ಫೋರ್ಜಾ ಹೊರೈಜನ್ 5 ಅನ್ನುವ ಕಾರ್ ರೇಸಿಂಗ್ ಗೇಮ್ ಆಡುತ್ತೇನೆ.

ಒಂದು ವಾರದಿಂದ ಒಂದೇ ಕಾರಿನ ಹಿಂದೆ ಬಿದ್ದಿದ್ದೇನೆ. 1994ರ ಮಾಜ್ದಾ ಎಂಎಕ್ಸ್-5, ಎಲ್ಲರೂ ಮಿಯಾಟಾ ಅನ್ನುತ್ತಾರಲ್ಲ, ಅದು. ಎಂಜಿನ್‌ಗೆ ಪವರ್ ಸೇರಿಸಿ ಬಿ ಕ್ಲಾಸಿಗೆ ತಂದೆ. ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಜಾರುತ್ತಿತ್ತು. ಸರಿ ಅಂತ ಹಿಂದಿನ ಟಯರ್ ಅಗಲವನ್ನು ಕೊನೆಯ ಹಂತಕ್ಕೆ ಏರಿಸಿದೆ. ಮುಂದಿನದನ್ನು ಮುಟ್ಟಲಿಲ್ಲ. ಜಾರುವುದು ನಿಂತಿತು, ನಿಜ. ಆದರೆ ಈಗ ಕಾರು ತಿರುಗುತ್ತಲೇ ಇಲ್ಲ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂಗು ಹೊರಗಡೆಗೇ ಎಳೆಯುತ್ತದೆ.

ಆಮೇಲೆ ಮುಂದೆಯೂ ಹಿಂದೆಯೂ ಅತಿ ಅಗಲದ್ದು ಹಾಕಿದೆ. ತಿರುಗಿತು. ಆದರೆ ಕ್ಲಾಸ್ ಪಾಯಿಂಟ್ (ಪ್ರತಿ ಕ್ಲಾಸಿಗೂ ಒಂದು ಮಿತಿ, ಭಾಗ ಸೇರಿಸಿದಂತೆ ಖರ್ಚಾಗುತ್ತದೆ) ಎಲ್ಲ ಟಯರಿಗೇ ಹೋಯಿತು. ಎಂಜಿನ್‌ನಿಂದ ಪವರ್ ತೆಗೆಯಬೇಕಾಯಿತು. ನೇರ ರಸ್ತೆಯಲ್ಲಿ ಎಲ್ಲರೂ ನನ್ನನ್ನು ದಾಟಿ ಹೋಗುತ್ತಿದ್ದಾರೆ. ಇನ್ನೊಂದು ವಿಷಯ. ಮೊದಲು ಜಾರಿದರೆ ಹಿಡಿಯಬಹುದಿತ್ತು. ಈಗ ಜಾರುವುದು ಅಪರೂಪ, ಆದರೆ ಜಾರಿದರೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಕಾರು ಸುತ್ತಿಬಿಡುತ್ತದೆ.

ಅಗಲದ ಟಯರ್ ಅಂದರೆ ಹಿಡಿತ ಜಾಸ್ತಿ ಅಂತ ಅಂದುಕೊಂಡಿದ್ದೆ. ಅಷ್ಟು ಸುಲಭ ಅಲ್ವಾ?

ಡೊಂಬಿವಲಿ_ಡ್ರಿಫ್ಟ್ | ಶುಕ್ರವಾರ ರಾತ್ರಿ 11:25

ಮುಂದಿನ ಟಯರ್ ಹಾಗೇ ಬಿಟ್ಟು ಹಿಂದಿನದನ್ನು ಮಾತ್ರ ಏರಿಸಿದ್ದೀಯಲ್ಲ ಮಾರಾಯಾ, ಮೂಗು ಹೊರಗೆ ಹೋಗುವುದು ಅದಕ್ಕೇ. ಮುಂದಿನ ಜೋಡಿ ಮೊದಲು ಹಿಡಿತ ಬಿಟ್ಟರೆ ಅಂಡರ್‌ಸ್ಟಿಯರ್, ಅಂದರೆ ಮೂಗು ಹೊರಗೆ ಹೋಗುತ್ತದೆ; ಹಿಂದಿನ ಜೋಡಿ ಮೊದಲು ಬಿಟ್ಟರೆ ಓವರ್‌ಸ್ಟಿಯರ್, ಅಂದರೆ ಹಿಂಭಾಗ ಜಾರುತ್ತದೆ. ನಿನ್ನ ಕಾರಿನಲ್ಲಿ ಈಗ ಹಿಂದಿನದು ಬಿಡುವುದೇ ಇಲ್ಲ. ಅದನ್ನು ಎರಡು ಹಂತ ಇಳಿಸಿ ನೋಡು.

ಚಾಕಣ್_ಶಿಫ್ಟ್ | ಶನಿವಾರ ಬೆಳಿಗ್ಗೆ 6:20

ತಮ್ಮಾ, ಒಳ್ಳೇ ಪ್ರಶ್ನೆ ಕೇಳಿದ್ದೀಯ. ನಾನು ಚಾಕಣದ ಕಾರ್ಖಾನೆಯೊಂದರಲ್ಲಿ ಸಸ್ಪೆನ್ಷನ್ ಭಾಗಗಳ ಕೆಲಸ ಮಾಡುವವನು. ಶಿಫ್ಟಿನ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದು.

ಮೊದಲು ಟಯರು ರಸ್ತೆಗೆ ತಾಗುವ ಜಾಗ ನೋಡೋಣ. ನಿನ್ನ ಮಿಯಾಟಾ 1000 ಕಿಲೋ ಅಂತ ಇಟ್ಟುಕೋ. ಒಂದು ಚಕ್ರದ ಮೇಲೆ 250 ಕಿಲೋ. ಗಾಳಿ 32 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. 250ನ್ನು 2.25ರಿಂದ ಭಾಗಿಸಿದರೆ 111 ಚದರ ಸೆಂಟಿಮೀಟರ್. ಹೆಚ್ಚು ಕಡಿಮೆ ಒಂದು ಅಂಗೈಯಷ್ಟು. ಈ ಲೆಕ್ಕದಲ್ಲಿ ಟಯರಿನ ಅಗಲ ಎಲ್ಲೂ ಬರಲೇ ಇಲ್ಲ, ಗಮನಿಸಿದೆಯಾ? ಭಾರ ಮತ್ತು ಗಾಳಿ, ಎರಡೇ. ಟಯರಿನ ಪಕ್ಕದ ಗೋಡೆಯೂ ಒಂದಿಷ್ಟು ಭಾರ ಹೊರುವುದರಿಂದ ನಿಜವಾದ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ.

ಹಾಗಾದರೆ ಅಗಲ ಮಾಡುವುದೇನು? ಆ ಅಂಗೈಯ ಆಕಾರವನ್ನು ಬದಲಾಯಿಸುತ್ತದೆ. ತಾಗುವ ಅಗಲ 15 ಸೆಂಟಿಮೀಟರ್ ಇದ್ದರೆ ಉದ್ದ ಏಳೂವರೆಗೆ ಹತ್ತಿರ. ಅಗಲ 19 ಆದರೆ ಉದ್ದ ಆರಕ್ಕಿಂತ ಕಡಿಮೆ. ಹಿಟ್ಟಿನ ಉಂಡೆ ಅಷ್ಟೇ ಇದೆ, ರೊಟ್ಟಿ ತಟ್ಟಿದ ಆಕಾರ ಬೇರೆ.

ಈಗ ತಿರುವಿಗೆ ಬಾ. ಟಯರ್ ನೋಡುವ ದಿಕ್ಕು ಒಂದು, ಅದು ನಿಜವಾಗಿ ಸಾಗುವ ದಿಕ್ಕು ಇನ್ನೊಂದು. ನಡುವಿನ ಕೋನಕ್ಕೆ ಸ್ಲಿಪ್ ಆಂಗಲ್ ಅನ್ನುತ್ತಾರೆ. ಈ ಕೋನದಲ್ಲಿ ರಬ್ಬರು ತಿರುಚಿಕೊಂಡಾಗಲೇ ಪಕ್ಕಕ್ಕೆ ತಳ್ಳುವ ಬಲ ಹುಟ್ಟುವುದು. ಅಗಲದ, ಗಿಡ್ಡ ಗೋಡೆಯ ಟಯರು ಸಣ್ಣ ಕೋನದಲ್ಲೇ ಪೂರ್ತಿ ಬಲಕ್ಕೆ ಮುಟ್ಟುತ್ತದೆ. ಸ್ಟೀರಿಂಗ್ ಚುರುಕು ಅನ್ನಿಸುವುದು ಅದಕ್ಕೇ. ಆದರೆ ಆ ತುದಿ ಬಲು ಚಿಕ್ಕದು. ಅದನ್ನು ದಾಟಿದರೆ ಹಿಡಿತ ಗಕ್ಕನೆ ಬೀಳುತ್ತದೆ. ಕಿರಿದಾದ, ಎತ್ತರ ಗೋಡೆಯ ಟಯರು ಹಾಗಲ್ಲ. ನಿಧಾನಕ್ಕೆ ಬಾಗುತ್ತದೆ, ಕೀರಲು ಸದ್ದು ಮಾಡುತ್ತದೆ, ಸುಳಿವು ಕೊಟ್ಟು ಜಾರುತ್ತದೆ. ರೆಪ್ಪೆ ಮುಚ್ಚುವುದರೊಳಗೆ ಕಾರು ಸುತ್ತುತ್ತದೆ ಅಂದೆಯಲ್ಲ, ಕಾರಣ ಇದೇ.

ಗೇಟ್ ಬಂತು. ಉಳಿದದ್ದು ಊಟದ ಹೊತ್ತಿಗೆ.

ಕೊತ್ರೂಡ್_ಕನ್ನಡಿಗ | ಶನಿವಾರ ಬೆಳಿಗ್ಗೆ 9:05

ಅಣ್ಣಾ, ತುಂಬಾ ಧನ್ಯವಾದ. ರೊಟ್ಟಿಯ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆದರೆ ಒಂದು ಅನುಮಾನ. ತಾಗುವ ಜಾಗ ಅಷ್ಟೇ ಇದ್ದರೆ ರೇಸ್ ಕಾರುಗಳಿಗೆ ಅಷ್ಟು ಅಗಲದ ಟಯರ್ ಯಾಕೆ ಹಾಕುತ್ತಾರೆ?

ಚಾಕಣ್_ಶಿಫ್ಟ್ | ಶನಿವಾರ ಮಧ್ಯಾಹ್ನ 1:15

ಲಾಭ ಖಂಡಿತ ಇದೆ. ರಬ್ಬರಿನ ಮೇಲೆ ಭಾರ ಎರಡು ಪಟ್ಟು ಮಾಡಿದರೆ ಹಿಡಿತ ಎರಡು ಪಟ್ಟು ಆಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಇದನ್ನು ಲೋಡ್ ಸೆನ್ಸಿಟಿವಿಟಿ ಅನ್ನುತ್ತಾರೆ. ತಿರುವಿನಲ್ಲಿ ಒಳಗಿನ ಚಕ್ರದ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತದಲ್ಲ, ಒಳಗಿನದು ಕಳೆದುಕೊಂಡಷ್ಟು ಹಿಡಿತವನ್ನು ಹೊರಗಿನದು ಗಳಿಸುವುದಿಲ್ಲ. ಒಟ್ಟಿನಲ್ಲಿ ನಷ್ಟ. ಅಗಲದ ಟಯರಿನಲ್ಲಿ ಈ ನಷ್ಟ ಕಡಿಮೆ. ಜೊತೆಗೆ ಬಿಸಿ ಜಾಸ್ತಿ ರಬ್ಬರಿಗೆ ಹಂಚಿಹೋಗುತ್ತದೆ. ಹಾಗಾಗಿ ಮೆತ್ತನೆ ಕಾಂಪೌಂಡ್, ಅಂದರೆ ಮೆತ್ತನೆ ಬಗೆಯ ರಬ್ಬರು, ಹಾಕಿದರೂ ಬೇಗ ಸವೆದು ಹಾಳಾಗುವುದಿಲ್ಲ. ರೇಸಿನವರಿಗೆ ಇದೇ ದೊಡ್ಡ ಲಾಭ ಅಂತ ನನ್ನ ಅಭಿಪ್ರಾಯ.

ಫೋರ್ಜಾದಲ್ಲಿ ಟ್ರ್ಯಾಕ್ ವಿಡ್ತ್ ಅಂತ ಬೇರೆಯೇ ಒಂದು ಭಾಗ ಇದೆ. ತುಂಬಾ ಜನ ಅದನ್ನು ಟಯರ್ ಅಗಲ ಅಂತ ತಿಳಿಯುತ್ತಾರೆ. ಅದು ಎಡ ಬಲ ಚಕ್ರಗಳ ನಡುವಿನ ದೂರ. ಅದೇ 1000 ಕಿಲೋ ಕಾರು, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, 1 ಜಿ ತಿರುವು, ಅಂದರೆ ಪಕ್ಕಕ್ಕೆ ಎಳೆಯುವ ಬಲ ಕಾರಿನ ತೂಕದಷ್ಟೇ. ದೂರ 1.4 ಮೀಟರ್ ಇದ್ದರೆ ಒಳಗಿನಿಂದ ಹೊರಗೆ ಹೋಗುವ ಭಾರ ಸುಮಾರು 357 ಕಿಲೋ. 1.5 ಮೀಟರ್ ಮಾಡಿದರೆ 333. ಟಯರ್ ಬದಲಾಯಿಸದೆಯೇ 24 ಕಿಲೋ ಕಡಿಮೆಯಾಯಿತು. ನಿನ್ನ ಪಾಯಿಂಟ್ ಬಿಗಿಯಾಗಿದ್ದರೆ ಮೊದಲು ಇದನ್ನು ಮುಂದಿನ ಚಕ್ರಗಳಿಗೆ ಹಾಕಿ ನೋಡು.

ಡೊಂಬಿವಲಿ_ಡ್ರಿಫ್ಟ್ | ಶನಿವಾರ ಮಧ್ಯಾಹ್ನ 2:40

ಅಣ್ಣ ಹೇಳಿದ್ದು ಸರಿ. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಹಿಡಿತ ಜಾಸ್ತಿ ಇದ್ದರೆ ಕಾರು ಚೆನ್ನಾಗಿದೆ ಅಂತ ಅಲ್ಲ. 2012ರಲ್ಲಿ ಟೊಯೋಟಾ ಜಿಟಿ86 ಬಂದಾಗ ಅದಕ್ಕೆ ಹಾಕಿದ್ದು 215/45 ಆರ್17 (ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ), ಮಿಶೆಲಿನ್ ಪ್ರೈಮಸಿ. ಸ್ಪೋರ್ಟ್ಸ್ ಕಾರಿಗೆ ಅದು ಸಾಧಾರಣ ಟಯರು, ಮೈಲೇಜ್ ಕಾರುಗಳಿಗೆ ಹಾಕುವಂಥದ್ದು. ಬೇಕಂತಲೇ ಹಾಕಿದ್ದು. ಕಡಿಮೆ ವೇಗದಲ್ಲೇ ಕಾರು ಜಾರಬೇಕು, ಓಡಿಸುವವನಿಗೆ ಕೈಯಲ್ಲಿ ಗೊತ್ತಾಗಬೇಕು ಅಂತ.

ನಿನ್ನ ಮಿಯಾಟಾಗೆ ಕಂಪನಿಯಿಂದ ಬಂದದ್ದು 185/60 ಆರ್14. ಇವತ್ತಿನ ಲೆಕ್ಕದಲ್ಲಿ ಸಣ್ಣ ಟಯರು. ಆ ಕಾರನ್ನು ಜನ ಮೂವತ್ತು ವರ್ಷದಿಂದ ಪ್ರೀತಿಸುತ್ತಿರುವುದು ಆ ಟಯರಿನ ಮೇಲೇ. ನಾನು ದಿನಾ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ನಿಂತು ಹೋಗಿ ಬರುವವನು. ರಾತ್ರಿ ಒಂದು ಗಂಟೆ ಆಡಲು ಸಿಗುತ್ತದೆ. ಆ ಹೊತ್ತಿನಲ್ಲಿ ಕಾರು ನನ್ನ ಜೊತೆ ಮಾತಾಡಬೇಕು. ಅರ್ಧ ಸೆಕೆಂಡ್ ನಿಧಾನ ಆದರೂ ಪರವಾಗಿಲ್ಲ.

ಹಡಪ್ಸರ್_ಟಯರ್_ಅಂಗಡಿ | ಶನಿವಾರ ಸಂಜೆ 5:30

ನಮ್ಮ ಅಪ್ಪನದು ಹಡಪ್ಸರ್‌ನಲ್ಲಿ ಟಯರ್ ಅಂಗಡಿ. ಶಾಲೆಗೆ ಹೋಗುವಾಗಲೇ ಬ್ಯಾಲೆನ್ಸಿಂಗ್ ತೂಕ ಹೊಡೆಯುವುದನ್ನು ಕಲಿತವನು ನಾನು. ಟಯರಿನ ಮೇಲಿನ ಅಂಕಿ ಓದುವುದು ಗೊತ್ತಿಲ್ಲದವರು ಇಲ್ಲಿ ಇರಬಹುದು, ಅದಕ್ಕೆ ಬರೆಯುತ್ತಿದ್ದೇನೆ.

205/55 ಆರ್16 ತಗೊಳ್ಳಿ. 205 ಅಂದರೆ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 55, ಅಂದರೆ ಸುಮಾರು 113 ಮಿಲಿಮೀಟರ್. 16 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಎಲ್ಲ ಕೂಡಿಸಿದರೆ ಪೂರ್ತಿ ಎತ್ತರ 632 ಮಿಲಿಮೀಟರ್. ಅದೇ ಕಾರಿಗೆ 225/45 ಆರ್17 ಹಾಕಿದರೆ 634. ಅಗಲ 20 ಮಿಲಿಮೀಟರ್ ಜಾಸ್ತಿ, ರಿಮ್ ಒಂದು ಇಂಚು ದೊಡ್ಡದು, ಗೋಡೆ 12 ಮಿಲಿಮೀಟರ್ ಗಿಡ್ಡ. ಒಟ್ಟು ಎತ್ತರ ಬದಲಾಗಲಿಲ್ಲ. ಎತ್ತರ ಹೆಚ್ಚಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಗೇರ್ ಉದ್ದ ಆಗುತ್ತದೆ, ಎಳೆತ ಕಡಿಮೆಯಾಗುತ್ತದೆ.

ಮಾರುತಿ ಸ್ವಿಫ್ಟ್‌ನಲ್ಲೂ ಇದೇ ನೋಡಿ. ಕಡಿಮೆ ಬೆಲೆಯದಕ್ಕೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಎತ್ತರದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ, ಅಷ್ಟೇ.

ಎಲ್ಲರೂ ಮರೆಯುವುದು ರಿಮ್ಮಿನ ಅಗಲ. 205/55 ಆರ್16ಕ್ಕೆ ಐದೂವರೆಯಿಂದ ಏಳೂವರೆ ಇಂಚು ಅಗಲದ ರಿಮ್ ಆಗುತ್ತದೆ. ಐದೂವರೆಯ ಮೇಲೆ ಕೂರಿಸಿದರೆ ಗೋಡೆ ಎರಡೂ ಕಡೆ ಉಬ್ಬಿಕೊಳ್ಳುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಗೋಡೆ ಬಾಗಬೇಕು, ಆಮೇಲೆ ಕಾರು ತಿರುಗಬೇಕು. ಅದೇ ಟಯರನ್ನು ಏಳೂವರೆಯ ಮೇಲೆ ಕೂರಿಸಿದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ, ಕೈ ಆಡಿಸಿದ ತಕ್ಷಣ ಮೂಗು ಬರುತ್ತದೆ. ಒಂದೇ ಟಯರು, ಎರಡು ಸ್ವಭಾವ. ಗ್ರ್ಯಾನ್ ಟುರಿಸ್ಮೊ 7 ಗೇಮ್‌ನಲ್ಲಿ ರಿಮ್ ಬದಲಾಯಿಸುವಾಗ ಅಗಲ ಅಂತ ಬೇರೆ ಆಯ್ಕೆ ಕೊಟ್ಟಿದ್ದಾರೆ. ಅದನ್ನು ನೋಡಿ ನನಗೆ ಖುಷಿಯಾಯಿತು.

ನಮ್ಮ ಚಿಕ್ಕಪ್ಪ ಒಮ್ಮೆ ಬೇರೆ ಕಡೆ ಹೋಗಿ ತಮ್ಮ ಸಣ್ಣ ಕಾರಿಗೆ ದೊಡ್ಡ ರಿಮ್, ಅಗಲದ ಟಯರ್ ಹಾಕಿಸಿಕೊಂಡು ಬಂದರು. ನೋಡಲು ಚೆಂದ ಇತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತಿತ್ತು. ಸ್ವಾರ್‌ಗೇಟ್ ಕಡೆಯ ಗುಂಡಿಯೊಂದಕ್ಕೆ ಬಿದ್ದು ರಿಮ್ ಬಾಗಿತು, ಗೋಡೆ ಗಿಡ್ಡ ಇತ್ತಲ್ಲ. ಮೂರೇ ತಿಂಗಳಲ್ಲಿ ಹಳೆಯದನ್ನೇ ಹಾಕಿಸಿದರು. ಗೇಮ್‌ನಲ್ಲಿ ಗುಂಡಿ ಇಲ್ಲ. ಆದರೆ ಕರ್ಬ್, ಅಂದರೆ ಟ್ರ್ಯಾಕಿನ ಅಂಚಿನ ಉಬ್ಬು, ಇದೆ. ದೊಡ್ಡ ರಿಮ್ ಹಾಕಿ ಕರ್ಬ್ ಹತ್ತಿದರೆ ಕಾರು ಪುಟಿಯುತ್ತದೆ, ಗಮನಿಸಿ ನೋಡಿ. ಭಾರದ ಚಕ್ರವನ್ನು ಸ್ಪ್ರಿಂಗ್ ನೆಲಕ್ಕೆ ಒತ್ತಿ ಹಿಡಿಯುವುದು ಕಷ್ಟ.

ಪೋಂಡಾ_ಕೆಂಪುಮಣ್ಣು | ಶನಿವಾರ ರಾತ್ರಿ 9:00

ನಮಸ್ಕಾರ ರೀ ಎಲ್ಲರಿಗೂ. ನಾನು ಬೆಳಗಾವಿಯವನು, ಕೆಲಸಕ್ಕೆ ಗೋವಾದ ಪೋಂಡಾದಲ್ಲಿದ್ದೇನೆ. ನೀವೆಲ್ಲ ಟಾರು ರಸ್ತೆಯ ಮಾತೇ ಆಡುತ್ತಿದ್ದೀರಿ. ನಾನು ಆಡುವುದು ಡರ್ಟ್ ರ‍್ಯಾಲಿ 2.0 ಅನ್ನುವ ಗೇಮ್, ಬರೀ ಮಣ್ಣು.

ಮಣ್ಣಿನಲ್ಲಿ, ಹಿಮದಲ್ಲಿ ಲೆಕ್ಕ ಉಲ್ಟಾ ರೀ. ಮೇಲಿನ ಪದರ ಸಡಿಲ, ಕೆಳಗೆ ಗಟ್ಟಿ ನೆಲ. ಕಿರಿದಾದ ಟಯರು ಸಡಿಲ ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಮೇಲೇ ತೇಲುತ್ತದೆ. ವಿಶ್ವ ರ‍್ಯಾಲಿಯಲ್ಲಿ ಟಾರಿಗೆ 18 ಇಂಚಿನ ರಿಮ್ ಹಾಕುತ್ತಾರೆ, ಮಣ್ಣಿಗೂ ಹಿಮಕ್ಕೂ 15 ಇಂಚು. ಸ್ವೀಡನ್ನಿನ ಹಿಮದಲ್ಲಿ ಮೊಳೆ ಹೊಡೆದ ಆ ಟಯರುಗಳನ್ನು ನೋಡಿದರೆ ಇಷ್ಟು ಸಣ್ಣದಾ ಅನ್ನಿಸುತ್ತದೆ.

ಮಳೆಯಲ್ಲೂ ಹಾಗೆಯೇ. ನಾನು ತಿಂಗಳಿಗೆ ಎರಡು ಸಲ ಚೋರ್ಲಾ ಘಾಟಿನಲ್ಲಿ ಊರಿಗೆ ಹೋಗುತ್ತೇನೆ. ಜುಲೈನಲ್ಲಿ ಆ ತಿರುವುಗಳಲ್ಲಿ ನೀರು ರಸ್ತೆಯ ಮೇಲೆ ಹರಿಯುತ್ತಿರುತ್ತದೆ. ಟಯರು ಆ ನೀರನ್ನು ಪಕ್ಕಕ್ಕೆ ತಳ್ಳಬೇಕು. ಅಗಲ ಹೆಚ್ಚಾದಷ್ಟೂ ತಳ್ಳಬೇಕಾದ ನೀರು ಜಾಸ್ತಿ, ಸಿಗುವ ಸಮಯ ಅಷ್ಟೇ. ಸವೆದ ಅಗಲದ ಟಯರು ನೀರಿನ ಮೇಲೆ ಎದ್ದುಬಿಡುತ್ತದೆ. ಫೋರ್ಜಾದಲ್ಲಿ ಮಳೆ ಬಂದಾಗ ನಿಮ್ಮ ಕಾರು ಹೇಗೆ ನಡೆಯುತ್ತದೆ ಅಂತ ಒಮ್ಮೆ ಬರೆಯಿರಿ ತಮ್ಮಾ.

ಮಾಟುಂಗಾ_ಮಾಡ್ | ಶನಿವಾರ ರಾತ್ರಿ 10:20

ನಾನು ಅಸೆಟ್ಟೊ ಕೊರ್ಸಾ ಅನ್ನುವ ಗೇಮ್‌ಗೆ ಕಾರುಗಳ ಮಾಡ್, ಅಂದರೆ ಆಟಗಾರರೇ ತಯಾರಿಸಿ ಸೇರಿಸುವ ಕಾರುಗಳನ್ನು, ಮಾಡುತ್ತೇನೆ. ಗೇಮ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದರೆ ನಿಜವಾದ ಟಯರು ಬೇರೆ, ಗೇಮ್‌ನ ಟಯರು ಬೇರೆ.

ಹೆಚ್ಚಿನ ಗೇಮ್‌ಗಳಲ್ಲಿ ಟಯರು ಅನ್ನುವುದು ಒಂದು ಗೆರೆ. ಸ್ಲಿಪ್ ಆಂಗಲ್ ಇಷ್ಟಾದರೆ ಬಲ ಇಷ್ಟು ಅಂತ ಏರಿ, ತುದಿ ಮುಟ್ಟಿ, ಇಳಿಯುವ ಗೆರೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಸೇಕಾ ಮತ್ತು ಜೊತೆಗಾರರು 1980ರ ದಶಕದಲ್ಲಿ ಈ ಗೆರೆಗೆ ಒಂದು ಸೂತ್ರ ಕೊಟ್ಟರು. ಅದಕ್ಕೆ ಮ್ಯಾಜಿಕ್ ಫಾರ್ಮುಲಾ ಅಂತಲೇ ಹೆಸರು. ರಬ್ಬರಿನ ಒಳಗಿನ ವಿಜ್ಞಾನದಿಂದ ಹುಟ್ಟಿದ ಸೂತ್ರ ಅಲ್ಲ ಅದು. ಅಳೆದ ಅಂಕಿಗಳಿಗೆ ಚೆನ್ನಾಗಿ ಹೊಂದುವ ಗೆರೆ. ಆಮೇಲೆ ಬಂದ ಎಷ್ಟೋ ಗೇಮ್‌ಗಳು ಇದನ್ನೋ ಇದರ ನೆಂಟರನ್ನೋ ಬಳಸಿದವು.

ಅಸೆಟ್ಟೊ ಕೊರ್ಸಾದಲ್ಲಿ ಪ್ರತಿ ಕಾರಿಗೂ ಟಯರಿನ ಒಂದು ಫೈಲ್ ಇರುತ್ತದೆ. ಅದರಲ್ಲಿ ಅಗಲಕ್ಕೆ ಒಂದು ಸಾಲು. ಹಿಡಿತಕ್ಕೆ ಬೇರೆ ಸಾಲು, ಭಾರ ಹೆಚ್ಚಿದಾಗ ಹಿಡಿತ ಎಷ್ಟು ಕುಗ್ಗಬೇಕು ಅನ್ನುವುದಕ್ಕೆ ಬೇರೆ ಸಾಲು, ಎಷ್ಟು ಕೋನದಲ್ಲಿ ತುದಿ ಮುಟ್ಟಬೇಕು ಅನ್ನುವುದಕ್ಕೆ ಇನ್ನೊಂದು. ನಾನು ಹೊಸದಾಗಿ ಮಾಡ್ ಶುರು ಮಾಡಿದಾಗ ಅಗಲದ ಸಾಲನ್ನು ಮಾತ್ರ 185ರಿಂದ 225ಕ್ಕೆ ಏರಿಸಿ, ಕಾರು ಬದಲಾಗಲೇ ಇಲ್ಲವಲ್ಲ ಅಂತ ಎರಡು ರಾತ್ರಿ ಕೂತಿದ್ದೆ. ಉಳಿದ ಸಾಲುಗಳನ್ನು ನಾವೇ ಯೋಚಿಸಿ ತಿದ್ದಬೇಕು. ಅಗಲದ ಟಯರಿನ ಗುಣ ಮಾಡ್ ಮಾಡುವವರ ತಿಳಿವಳಿಕೆಯಷ್ಟೇ ಚೆನ್ನಾಗಿರುತ್ತದೆ.

ಬೀಮ್‌ಎನ್‌ಜಿ ಅನ್ನುವ ಗೇಮ್ ಹಾಗಲ್ಲ. ಅಲ್ಲಿ ಟಯರನ್ನೇ ಬಿಂದುಗಳು, ಅವುಗಳನ್ನು ಜೋಡಿಸುವ ಕಂಬಿಗಳಿಂದ ಕಟ್ಟಿದ್ದಾರೆ. ಗಾಳಿ ಇಳಿಸಿದರೆ ಗೋಡೆ ಬಾಗುವುದು ಕಣ್ಣಿಗೇ ಕಾಣುತ್ತದೆ. ಇಷ್ಟು ಹೊತ್ತು ಅಣ್ಣ ಹೇಳಿದ್ದನ್ನು ನೋಡಿಯೇ ತಿಳಿಯಬೇಕು ಅನ್ನುವವರು ಅದನ್ನು ಹಾಕಿ ನೋಡಿ.

ಫೋರ್ಜಾದ ಒಳಗಿನ ಫೈಲ್ ನಮಗೆ ಕಾಣುವುದಿಲ್ಲ. ಆದರೆ ಟೆಲಿಮೆಟ್ರಿ ಪರದೆ ಇದೆ. ಟಯರಿನ ಒಳ ಅಂಚು, ನಡು, ಹೊರ ಅಂಚು, ಮೂರರ ಬಿಸಿಯೂ ಅಲ್ಲಿ ಕಾಣುತ್ತದೆ. ಅಗಲದ ಟಯರ್ ಹಾಕಿದ ಮೇಲೆ ಒಂದು ಅಂಚು ಮಾತ್ರ ಬಿಸಿಯಾಗುತ್ತಿದ್ದರೆ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಸರಿ ಇಲ್ಲ ಅಂತ ಅರ್ಥ. ಅಗಲದ ಟಯರು ರಸ್ತೆಗೆ ಚಪ್ಪಟೆಯಾಗಿ ಕೂರದಿದ್ದರೆ ಕೊಟ್ಟ ಪಾಯಿಂಟ್ ಅರ್ಧ ದಂಡ.

ಡೊಂಬಿವಲಿ_ಡ್ರಿಫ್ಟ್ | ಶನಿವಾರ ರಾತ್ರಿ 10:45

ಅಕ್ಕಾ, ಒಂದು ಮಾತು ಕೇಳಬೇಕು. 2017ರಲ್ಲಿ ಫಾರ್ಮುಲಾ ಒನ್‌ನಲ್ಲಿ ಮುಂದಿನ ಟಯರನ್ನು 245ರಿಂದ 305 ಮಿಲಿಮೀಟರಿಗೆ, ಹಿಂದಿನದನ್ನು 325ರಿಂದ 405ಕ್ಕೆ ಏರಿಸಿದರು. ಕಾರುಗಳು ತಿರುವಿನಲ್ಲಿ ಎಷ್ಟು ಜೋರಾದವು ನೆನಪಿದೆಯಾ? ಅಲ್ಲಿ ಅಗಲ ನೇರವಾಗಿ ಹಿಡಿತ ಕೊಟ್ಟಿತಲ್ಲ.

ಚಾಕಣ್_ಶಿಫ್ಟ್ | ಶನಿವಾರ ರಾತ್ರಿ 11:00

ನಾನು ಉತ್ತರಿಸಲಾ? ಅದೇ ವರ್ಷ ಕಾರಿನ ಅಗಲವನ್ನೂ 1.8 ಮೀಟರಿನಿಂದ ಎರಡು ಮೀಟರಿಗೆ ಏರಿಸಿದರು, ರೆಕ್ಕೆಗಳನ್ನೂ ದೊಡ್ಡದು ಮಾಡಿದರು. ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ ಹೆಚ್ಚಾಯಿತು. ಆ ಭಾರ ಹೊರಲು ಅಗಲದ ಟಯರ್ ಬೇಕಿತ್ತು. ಎರಡೂ ಒಟ್ಟಿಗೆ ಬಂದದ್ದು. ನಿನ್ನ ಮಾತು ತಪ್ಪಲ್ಲ, ಅರ್ಧ ಸರಿ.

ಇನ್ನರ್ಧ 2026ರ ನಿಯಮದಲ್ಲಿದೆ. ಮುಂದಿನ ಟಯರನ್ನು 25 ಮಿಲಿಮೀಟರ್, ಹಿಂದಿನದನ್ನು 30 ಮಿಲಿಮೀಟರ್ ಕಿರಿದು ಮಾಡಿದರು. ಗಾಳಿಗೆ ಅಡ್ಡ ನಿಲ್ಲುವ ಮೈ ಕಡಿಮೆಯಾಗಲಿ ಅಂತ. ಬಿಎಂಡಬ್ಲ್ಯೂ ಐ3 ಕಾರಿಗೆ 155/70 ಆರ್19 ಹಾಕಿದ್ದೂ ಅದಕ್ಕೇ, ಎತ್ತರ ಇದೆ, ಅಗಲ ಇಲ್ಲ. ನಮ್ಮ ಹುಡುಗ ನೇರ ರಸ್ತೆಯಲ್ಲಿ ಹಿಂದೆ ಬೀಳುತ್ತಿರುವುದಕ್ಕೆ ಪವರ್ ತೆಗೆದದ್ದು ಮುಖ್ಯ ಕಾರಣ. ಜೊತೆಗೆ ಚಕ್ರದ ಭಾರವೂ ಇದೆ. ತಿರುಗುವ ಭಾರವನ್ನು ಎಂಜಿನ್ ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು.

ಕೊತ್ರೂಡ್_ಕನ್ನಡಿಗ | ಭಾನುವಾರ ಮಧ್ಯಾಹ್ನ 12:30

ಬೆಳಗ್ಗೆ ಏಳಕ್ಕೆ ಕೂತವನು ಈಗ ಎದ್ದೆ. ಹೊರೈಜನ್ ಮೆಕ್ಸಿಕೊ ಸರ್ಕಿಟ್‌ನಲ್ಲಿ ಒಂದೊಂದು ಬದಲಾವಣೆಗೆ ಹತ್ತತ್ತು ಸುತ್ತು ಹಾಕಿ, ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿದೆ.

ಹಿಂದಿನ ಟಯರನ್ನು ಕೊನೆಯ ಹಂತದಿಂದ ಮೊದಲ ಹಂತಕ್ಕೆ ಇಳಿಸಿದೆ. ಮೂಗು ಬರಲು ಶುರುವಾಯಿತು. ಮುಂದಿನದನ್ನು ಒಂದು ಹಂತ ಏರಿಸಿದೆ. ಇನ್ನೂ ಚೆನ್ನಾಗಿ ಬಂತು. ಉಳಿದ ಪಾಯಿಂಟ್‌ನಲ್ಲಿ ಟಯರ್ ಕಾಂಪೌಂಡನ್ನು ಸ್ಪೋರ್ಟ್ ಮಾಡಿದೆ, ಮುಂದಿನ ಚಕ್ರಗಳ ನಡುವಿನ ದೂರ ಹೆಚ್ಚಿಸಿದೆ, ತೆಗೆದಿದ್ದ ಪವರ್ ಸ್ವಲ್ಪ ವಾಪಸ್ ಹಾಕಿದೆ. ಎರಡೂ ಕಡೆ ಅತಿ ಅಗಲ ಇದ್ದಾಗಿನ ಸಮಯಕ್ಕಿಂತ ಈಗ ಒಂದು ಸೆಕೆಂಡಿಗೂ ಜಾಸ್ತಿ ಬೇಗ ಬರುತ್ತಿದ್ದೇನೆ.

ಆದರೆ ನನಗೆ ಸಮಯಕ್ಕಿಂತ ಖುಷಿ ಕೊಟ್ಟದ್ದು ಬೇರೆ. ಕೊನೆಯ ಸುತ್ತುಗಳಲ್ಲಿ ಹಿಂಭಾಗ ಮೂರು ಸಲ ಜಾರಿತು. ಮೂರು ಸಲವೂ ಸ್ಟೀರಿಂಗ್ ಮೊದಲು ಹಗುರಾಯಿತು. ಅದು ಕೈಗೆ ಗೊತ್ತಾಗಿ, ನಾನು ಎದುರು ತಿರುಗಿಸಿ ಹಿಡಿದೆ. ಅಣ್ಣ ಸುಳಿವು ಅಂದದ್ದು ಇದೇ ಅಲ್ವಾ.

ಪೋಂಡಾ ಅಣ್ಣಾ, ಮಳೆಯಲ್ಲೂ ನೋಡಿದೆ. ಹಳೆಯ ಅಗಲದ ಸೆಟಪ್‌ನಲ್ಲಿ ನೀರು ನಿಂತ ಜಾಗಕ್ಕೆ ಹೋದರೆ ಸ್ಟೀರಿಂಗ್ ಸತ್ತಂತಾಗುತ್ತಿತ್ತು. ಹೊಸದರಲ್ಲಿ ಅಷ್ಟಿಲ್ಲ. ಟಯರ್ ಅಗಲದಿಂದಲೋ ಕಾಂಪೌಂಡಿನಿಂದಲೋ, ಇನ್ನೂ ಬೇರೆ ಮಾಡಿ ನೋಡಿಲ್ಲ.

ಹಡಪ್ಸರ್_ಟಯರ್_ಅಂಗಡಿ | ಭಾನುವಾರ ಮಧ್ಯಾಹ್ನ 1:05

ಶಾಬಾಸ್! ನೋಟ್‌ಬುಕ್‌ನಲ್ಲಿ ಬರೆದದ್ದು ನನಗೆ ತುಂಬಾ ಇಷ್ಟವಾಯಿತು. ರಿಮ್ ದೊಡ್ಡದು ಮಾಡಿದ್ದೀರಾ?

ಕೊತ್ರೂಡ್_ಕನ್ನಡಿಗ | ಭಾನುವಾರ ಮಧ್ಯಾಹ್ನ 1:10

ಇಲ್ಲ, ಕಂಪನಿ ಅಳತೆಯೇ ಇದೆ. ನಿಮ್ಮ ಚಿಕ್ಕಪ್ಪನ ಕಥೆ ಓದಿದ ಮೇಲೆ ಮುಟ್ಟಲಿಲ್ಲ.

ಮಾಟುಂಗಾ_ಮಾಡ್ | ಭಾನುವಾರ ಮಧ್ಯಾಹ್ನ 1:40

ಗಾಳಿ ಎಷ್ಟಿಟ್ಟಿದ್ದೀಯ?

ಕೊತ್ರೂಡ್_ಕನ್ನಡಿಗ | ಭಾನುವಾರ ಮಧ್ಯಾಹ್ನ 1:45

ಮುಂದೆ 28, ಹಿಂದೆ 27 ಅಕ್ಕಾ. ಹಿಂದಿನದರ ನಡುಭಾಗ ಅಂಚುಗಳಿಗಿಂತ ಸ್ವಲ್ಪ ಬಿಸಿ ತೋರಿಸುತ್ತಿದೆ.

ಮಾಟುಂಗಾ_ಮಾಡ್ | ಭಾನುವಾರ ಮಧ್ಯಾಹ್ನ 1:50

ಹಾಗಾದರೆ ಹಿಂದೆ ಗಾಳಿ ಜಾಸ್ತಿಯಾಗಿದೆ. ಅರ್ಧ ಅರ್ಧ ಇಳಿಸುತ್ತಾ ಹೋಗು, ಮೂರು ಅಂಕಿಯೂ ಹತ್ತಿರ ಬರುವವರೆಗೆ. ಊಟ ಮಾಡಿ ಕೂತುಕೋ.